ಹ್ಯಾಕಿಂಗ್ ಕಲಿಯಲು ಮೊದಲು ಯಾವ ಭಾಷೆ: ಸಿ ಭಾಷೆಯೇ, ಪೈಥಾನೇ?

ಪ್ರಶ್ನೆ: ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಎರಡನೆಯ ವರ್ಷದ ವಿದ್ಯಾರ್ಥಿ. ಪದವಿ ಮುಗಿದ ಮೇಲೆ ಪೆನೆಟ್ರೇಶನ್ ಟೆಸ್ಟಿಂಗ್, ಅಂದರೆ ಮಾಲೀಕರ ಒಪ್ಪಿಗೆ ಪಡೆದು ಅವರ ಕಂಪ್ಯೂಟರ್ ವ್ಯವಸ್ಥೆಯಲ್ಲಿರುವ ಭದ್ರತಾ ದೋಷಗಳನ್ನು ಹುಡುಕಿಕೊಡುವ ಕೆಲಸಕ್ಕೆ ಸೇರಬೇಕೆಂಬ ಆಸೆಯಿದೆ. ಆದರೆ ಯಾವ ಭಾಷೆಯಿಂದ ಆರಂಭಿಸಬೇಕು ಎಂಬಲ್ಲಿಯೇ ನಿಂತುಬಿಟ್ಟಿದ್ದೇನೆ. ನಮಗೆ ಪಾಠ ಮಾಡುವ ಉಪನ್ಯಾಸಕರು ಸಿ ಭಾಷೆ ಬಾರದವನಿಗೆ ಈ ವಿದ್ಯೆ ದಕ್ಕುವುದಿಲ್ಲ ಎನ್ನುತ್ತಾರೆ. ಸಹಪಾಠಿಗಳು ಪೈಥಾನ್ ಒಂದಿದ್ದರೆ ಸಾಕು ಎನ್ನುತ್ತಾರೆ. ಯೂಟ್ಯೂಬ್ ತೆರೆದರೆ ಒಬ್ಬರು ಜಾವಾಸ್ಕ್ರಿಪ್ಟ್, ಇನ್ನೊಬ್ಬರು ಗೋ, ಮತ್ತೊಬ್ಬರು ರಸ್ಟ್ ಎನ್ನುತ್ತಾರೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡಿ ಯಾವುದೂ ಬಾರದಂತಾಗುವ ಭಯ ನನ್ನದು.

ನನ್ನ ಸ್ಥಿತಿಯನ್ನು ಹೇಳಿಬಿಡುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಸಿ ಭಾಷೆ ಪಾಠವಾಗಿತ್ತು. ಟರ್ಬೊ ಸಿ ತಂತ್ರಾಂಶದ ನೀಲಿ ಪರದೆಯಲ್ಲಿ ಪ್ಯಾಲಿಂಡ್ರೋಮ್, ಮ್ಯಾಟ್ರಿಕ್ಸ್ ಗುಣಾಕಾರ ಮುಂತಾದ ಲ್ಯಾಬ್ ಪ್ರೋಗ್ರಾಂಗಳನ್ನು ಬರೆದಿದ್ದೇನೆ, ಆದರೆ ಪಾಯಿಂಟರ್ ಎಂಬುದು ಇಂದಿಗೂ ಅರ್ಧಂಬರ್ಧವಾಗಿಯೇ ಉಳಿದಿದೆ. ಪೈಥಾನಿನಲ್ಲಿ ಲೂಪ್, ಲಿಸ್ಟ್, ಫಂಕ್ಷನ್‌ವರೆಗೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಇರುವುದು 4 ಜಿಬಿ ರ್‍ಯಾಮ್. ಕಾಲಿ ಲಿನಕ್ಸ್ ಹಾಕಿಕೊಳ್ಳದೆ ಕಲಿಯಲು ಸಾಧ್ಯವೇ? ಅಭ್ಯಾಸಕ್ಕಾಗಿ ನಮ್ಮ ಕಾಲೇಜಿನ ಜಾಲತಾಣವನ್ನೇ, ಏನೂ ಹಾಳು ಮಾಡದೆ, ಪರೀಕ್ಷಿಸಿ ನೋಡಬಹುದೇ? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಜಾಲಪರೀಕ್ಷಕಿ

ಹೇಮಾವತಿ ದಂಡೆಯವರೇ, ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಬೆರೆತುಕೊಂಡಿವೆ. ನಿಮ್ಮ ಕೆಲಸಕ್ಕೆ ಬೇಕಾದ ಸಣ್ಣಪುಟ್ಟ ಉಪಕರಣಗಳನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳಬೇಕು ಎಂಬುದು ಒಂದು. ನೀವು ಪರೀಕ್ಷಿಸಲು ಹೊರಟ ವ್ಯವಸ್ಥೆಯನ್ನು ಕಟ್ಟಿದವರು ಅದನ್ನು ಯಾವ ಭಾಷೆಯಲ್ಲಿ ಬರೆದಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪೈಥಾನ್ ಎಂದು ಹಿಂದೆಮುಂದೆ ನೋಡದೆ ಹೇಳಬಹುದು. ಎರಡನೆಯದರಲ್ಲಿ ಆಯ್ಕೆ ನಿಮ್ಮದಲ್ಲ, ಕಟ್ಟಿದವರು ಅದನ್ನು ಎಂದೋ ಮಾಡಿ ಮುಗಿಸಿರುತ್ತಾರೆ. ಈ ವೃತ್ತಿಯಲ್ಲಿ ನಾವು ಬರೆಯುವುದಕ್ಕಿಂತ ಇನ್ನೊಬ್ಬರು ಬರೆದದ್ದನ್ನು ಓದುವುದೇ ಹೆಚ್ಚು ಎಂಬುದನ್ನು ಆರಂಭದಲ್ಲಿಯೇ ತಿಳಿದುಕೊಂಡರೆ ಭಾಷೆಯ ಆಯ್ಕೆ ಅಷ್ಟು ಗೊಂದಲದ್ದಾಗಿ ಕಾಣುವುದಿಲ್ಲ.

ನಾನು ಬೆಂಗಳೂರಿನಲ್ಲಿ ವೆಬ್ ಅಪ್ಲಿಕೇಶನ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಹೊಸದಾಗಿ ಬರುವವರಲ್ಲಿ ಬಹಳಷ್ಟು ಮಂದಿ ಮೊದಲು ಕೈಹಾಕುವುದು ಈ ವಿಭಾಗಕ್ಕೇ. ನಿಮ್ಮ ದಾರಿಯೂ ಇದೇ ಆಗಿದ್ದರೆ, ಪೈಥಾನಿನ ಜೊತೆಗೆ ನಿಮಗೆ ಅಗತ್ಯವಾಗಿ ಬರಬೇಕಾದದ್ದು ಡೇಟಾಬೇಸಿನೊಡನೆ ಮಾತಾಡುವ ಎಸ್‌ಕ್ಯೂಎಲ್ ಮತ್ತು ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್. ಇವೆರಡಕ್ಕೂ ಮೊದಲು ಎಚ್‌ಟಿಟಿಪಿ, ಅಂದರೆ ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತಾಡುವ ಕ್ರಮ. ಅದು ಪ್ರೋಗ್ರಾಮಿಂಗ್ ಭಾಷೆಯಲ್ಲ, ಆದರೂ ಕೋರಿಕೆ ಹೇಗೆ ಹೋಗುತ್ತದೆ, ಹೆಡರ್ ಎಂದರೇನು, ಕುಕಿ ಎಲ್ಲಿ ಕೂರುತ್ತದೆ ಎಂಬುದು ತಿಳಿಯದೆ ಮುಂದಿನ ಯಾವುದೂ ತಲೆಗೆ ಹತ್ತುವುದಿಲ್ಲ.

ಎಸ್‌ಕ್ಯೂಎಲ್ ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಲಾಗಿನ್ ಪುಟದಲ್ಲಿ ಬಳಕೆದಾರರು ಟೈಪ್ ಮಾಡಿದ ಹೆಸರನ್ನು ಪಿಎಚ್‌ಪಿ ಪ್ರೋಗ್ರಾಂ ಇದ್ದಂತೆಯೇ ಒಂದು ಎಸ್‌ಕ್ಯೂಎಲ್ ವಾಕ್ಯದ ನಡುವೆ ಅಂಟಿಸಿ ಡೇಟಾಬೇಸಿಗೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳಿ. ಹೆಸರಿನ ಜಾಗದಲ್ಲಿ ಒಂದು ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಿದೊಡನೆ, ಪ್ರೋಗ್ರಾಂ ಬರೆದವರು ತೆರೆದಿದ್ದ ಉದ್ಧರಣ ಅಲ್ಲಿಗೇ ಮುಚ್ಚಿಹೋಗುತ್ತದೆ. ಅದರ ಮುಂದೆ ಬರೆದದ್ದು ಹೆಸರಾಗಿ ಉಳಿಯದೆ ಆಜ್ಞೆಯ ಭಾಗವಾಗುತ್ತದೆ. ‘ಅಥವಾ ಒಂದು ಒಂದಕ್ಕೆ ಸಮ’ ಎಂಬರ್ಥದ ಷರತ್ತನ್ನು ಅಲ್ಲಿ ಸೇರಿಸಿ, ವಾಕ್ಯದ ಉಳಿದ ಭಾಗವನ್ನು ಟಿಪ್ಪಣಿಯ ಚಿಹ್ನೆಯಿಂದ ಕಡಿದುಹಾಕಿದರೆ, ಆ ಷರತ್ತು ಸದಾ ನಿಜವಾಗಿರುವುದರಿಂದ ಹೆಸರಿನ ಪರೀಕ್ಷೆ ದಾಟಿಹೋಗುತ್ತದೆ, ಕಡಿದುಹೋದ ಪಾಸ್‌ವರ್ಡಿನ ಭಾಗಕ್ಕೆ ಡೇಟಾಬೇಸ್ ಹೋಗುವುದೇ ಇಲ್ಲ. 1998ರಲ್ಲಿ ಫ್ರ್ಯಾಕ್ ಎಂಬ ಅಂತರಜಾಲ ಪತ್ರಿಕೆಯಲ್ಲಿ ಬಹಿರಂಗವಾಗಿ ಚರ್ಚೆಗೆ ಬಂದ ಈ ದೋಷ ಇಂದಿಗೂ ಸಂಪೂರ್ಣವಾಗಿ ಹೋಗಿಲ್ಲ. ಪೈಥಾನಿನಲ್ಲಿ ಬರೆದ ಎಸ್‌ಕ್ಯೂಎಲ್‌ಮ್ಯಾಪ್ ಎಂಬ ಉಪಕರಣ ಈ ಹುಡುಕಾಟವನ್ನು ತಾನೇ ಮಾಡಿಕೊಡುತ್ತದೆ, ನಿಜ. ಆದರೆ ಎರಡು ಹುಡುಕಾಟಗಳ ಫಲಿತಾಂಶಗಳನ್ನು ಒಂದಾಗಿಸುವ ಯೂನಿಯನ್ ಆಜ್ಞೆಯ ಎರಡೂ ಬದಿಯಲ್ಲಿ ಕಾಲಂಗಳ ಸಂಖ್ಯೆ ಒಂದೇ ಇರಬೇಕೆಂಬಷ್ಟೂ ಗೊತ್ತಿಲ್ಲದವರು ಆ ಉಪಕರಣ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ತಾವೂ ನಿಲ್ಲುತ್ತಾರೆ. ಇನ್ನು, ದೋಷ ಸಿಕ್ಕ ಮೇಲೆ ಅದನ್ನು ಸರಿಪಡಿಸುವ ಬಗೆಯನ್ನೂ ವರದಿಯಲ್ಲಿ ಬರೆಯಬೇಕಲ್ಲವೇ? ಆಜ್ಞೆಯನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳುಹಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ಬಳಕೆದಾರರ ಮಾತು ಎಂದಿಗೂ ಆಜ್ಞೆಯಾಗದು ಎಂಬುದನ್ನು ಎದುರಿನ ಪ್ರೋಗ್ರಾಮರಿಗೆ ಅವರದೇ ಭಾಷೆಯಲ್ಲಿ ತೋರಿಸಿಕೊಡಬೇಕಾಗುತ್ತದೆ.

ಜಾವಾಸ್ಕ್ರಿಪ್ಟಿನ ವಿಷಯಕ್ಕೆ 2005ರ ಸ್ಯಾಮಿ ವರ್ಮ್ (ವರ್ಮ್ ಎಂದರೆ ತಾನಾಗಿಯೇ ಹರಡುವ ಪ್ರೋಗ್ರಾಂ) ಒಳ್ಳೆಯ ಪಾಠ. ಆ ವರ್ಷದ ಅಕ್ಟೋಬರಿನಲ್ಲಿ ಸ್ಯಾಮಿ ಕಮ್ಕಾರ್ ಎಂಬ ಯುವಕ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ತನ್ನ ಪುಟದಲ್ಲಿ ಇಟ್ಟ ಜಾವಾಸ್ಕ್ರಿಪ್ಟ್ ತುಣುಕು ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಿಗೆ ಹರಡಿತು. ಮೈಸ್ಪೇಸ್ ಸಂಸ್ಥೆಯೇನೂ ಕಣ್ಣುಮುಚ್ಚಿ ಕುಳಿತಿರಲಿಲ್ಲ. ಬಳಕೆದಾರರ ಪುಟಗಳಿಂದ ಸ್ಕ್ರಿಪ್ಟ್ ಟ್ಯಾಗನ್ನೂ ‘ಜಾವಾಸ್ಕ್ರಿಪ್ಟ್’ ಎಂಬ ಪದವನ್ನೂ ಅದು ಸೋಸಿ ತೆಗೆಯುತ್ತಿತ್ತು. ಆ ಪದವನ್ನು ‘ಜಾವಾ’ ಎಂಬಲ್ಲಿಗೆ ನಿಲ್ಲಿಸಿ, ಸಾಲು ಮುರಿದು, ಮುಂದಿನ ಸಾಲಿನಲ್ಲಿ ‘ಸ್ಕ್ರಿಪ್ಟ್’ ಎಂದು ಬರೆದು, ಪುಟದ ಅಲಂಕಾರವನ್ನು ಹೇಳುವ ಸಿಎಸ್ಎಸ್ ಒಳಗೆ ಇಟ್ಟಾಗ ಸೋಸುವ ಪ್ರೋಗ್ರಾಂ ಅದನ್ನು ಗುರುತಿಸಲಿಲ್ಲ, ಅಂದಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ ಎರಡನ್ನೂ ಕೂಡಿಸಿಕೊಂಡು ಓಡಿಸಿತು. ತಡೆಹಿಡಿಯಲಾಗಿದ್ದ ಇತರ ಪದಗಳನ್ನೂ ಹೀಗೆಯೇ ತುಂಡು ಮಾಡಿ ಬರೆದು, ಓಡುವ ಹೊತ್ತಿನಲ್ಲಿ ಜೋಡಿಸಲಾಗಿತ್ತು. ಯಾವ ಸಿದ್ಧ ಉಪಕರಣವೂ ಆಗ ಇದನ್ನು ಮಾಡಿಕೊಡುತ್ತಿರಲಿಲ್ಲ. ಬ್ರೌಸರ್ ಹೇಗೆ ಓದುತ್ತದೆ, ಸೋಸುವ ಪ್ರೋಗ್ರಾಂ ಹೇಗೆ ಓದುತ್ತದೆ, ಇವೆರಡರ ನಡುವೆ ವ್ಯತ್ಯಾಸ ಎಲ್ಲಿದೆ ಎಂಬುದನ್ನು ತಿಳಿದವನಿಗೆ ಮಾತ್ರ ಹೊಳೆಯುವ ದಾರಿ ಅದು.

ಪೈಥಾನಿನ ಬಗ್ಗೆ ಒಂದು ಎಚ್ಚರಿಕೆ. ಪೈಥಾನ್ 2 ಆವೃತ್ತಿಗೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಆದರೆ ಎಕ್ಸ್‌ಪ್ಲಾಯಿಟ್ ಡಿಬಿಯಂತಹ ದಾಳಿ ಪ್ರೋಗ್ರಾಂಗಳ ಸಂಗ್ರಹಗಳಲ್ಲಿ ಸಿಗುವ ಹಳೆಯ ಪ್ರೋಗ್ರಾಂಗಳಲ್ಲಿ ಬಹಳಷ್ಟು ಅದರಲ್ಲಿಯೇ ಬರೆದವು. ಅವುಗಳನ್ನು ಇಂದು ಓಡಿಸಿದರೆ ಪ್ರಿಂಟ್ ಆಜ್ಞೆಗೆ ಆವರಣ ಚಿಹ್ನೆ ಇಲ್ಲವೆಂಬ ದೂರು ಮೊದಲು ಬರುತ್ತದೆ. ಅದನ್ನು ತಿದ್ದಿದ ಮೇಲೆ ಬರುವ ನಿಜವಾದ ತೊಡಕು ಸ್ಟ್ರಿಂಗ್ ಮತ್ತು ಬೈಟ್ಸ್ ನಡುವಿನದು. ಪೈಥಾನ್ 3ರಲ್ಲಿ ನೆಟ್‌ವರ್ಕಿನ ಸಾಕೆಟ್ ಮೂಲಕ ಹೋಗುವುದು ಬೈಟ್ಸ್ ಮಾತ್ರ, ಅಕ್ಷರಗಳ ಸ್ಟ್ರಿಂಗ್ ಅಲ್ಲ. ಈ ಭೇದವನ್ನು ಮೊದಲ ದಿನಗಳಲ್ಲಿಯೇ ಗಟ್ಟಿ ಮಾಡಿಕೊಳ್ಳಿ; ಲಿಸ್ಟ್ ಕಾಂಪ್ರಿಹೆನ್ಶನ್ ಮುಂತಾದ ಅಲಂಕಾರಗಳನ್ನು ಆಮೇಲೆ ನೋಡಿಕೊಂಡರಾಯಿತು.

ಗೋ, ರಸ್ಟ್ ಎರಡೂ ಒಳ್ಳೆಯ ಭಾಷೆಗಳೇ. ಎಫ್‌ಎಫ್‌ಯುಎಫ್, ನ್ಯೂಕ್ಲಿಯೈ ಮುಂತಾದ ನಾವು ದಿನವೂ ಬಳಸುವ ಉಪಕರಣಗಳು ಗೋ ಭಾಷೆಯವು. ಈಗ ನಿಮಗೆ ಅವು ಬೇಕಿಲ್ಲ.

ಉತ್ತರ: ಸ್ಟ್ಯಾಕಿನ ತಳ

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಜಾಲತಾಣವೇ ಜಗತ್ತಲ್ಲ. ಬ್ರೌಸರ್, ಆಪರೇಟಿಂಗ್ ಸಿಸ್ಟಂ, ರೂಟರಿನ ಫರ್ಮ್‌ವೇರ್, ಮನೆಯ ಕ್ಯಾಮೆರಾ, ಪೈಥಾನನ್ನು ಓಡಿಸುವ ಸಿಪೈಥಾನ್ ಎಂಬ ಇಂಟರ್ಪ್ರೆಟರ್, ಇವೆಲ್ಲ ಬಹುಮಟ್ಟಿಗೆ ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದವು. ನಿಮ್ಮ ಉಪನ್ಯಾಸಕರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ.

1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಹರಿಯಬಿಟ್ಟ ವರ್ಮ್ ಅಂದಿನ ಅಂತರಜಾಲವನ್ನು ತತ್ತರಿಸುವಂತೆ ಮಾಡಿತು. ಅದು ಒಳನುಗ್ಗಿದ ಒಂದು ದಾರಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಬಳಕೆದಾರರ ವಿವರ ಕೊಡುವ ಫಿಂಗರ್ ಸೇವೆಯಲ್ಲಿತ್ತು. ಆ ಪ್ರೋಗ್ರಾಂ 512 ಬೈಟ್ ಹಿಡಿಯುವ ಒಂದು ಬಫರನ್ನು, ಅಂದರೆ ಮೆಮೊರಿಯಲ್ಲಿ ತಾತ್ಕಾಲಿಕ ಜಾಗವನ್ನು ಇಟ್ಟುಕೊಂಡು, ಬಂದ ಮಾಹಿತಿಯನ್ನು ‘ಗೆಟ್ಸ್’ ಫಂಕ್ಷನ್ನಿನಿಂದ ಓದುತ್ತಿತ್ತು. ಗೆಟ್ಸ್ ಎಷ್ಟು ಬಂತೆಂದು ನೋಡುವುದಿಲ್ಲ. ಸೇರಿನ ಪಾತ್ರೆಗೆ ಕೊಳಗ ಸುರಿದಂತೆ ಸುರಿಯುತ್ತಲೇ ಇರುತ್ತದೆ. ಹೀಗೆ ಹೊರಚೆಲ್ಲಿದ ಬೈಟ್‌ಗಳು ಸ್ಟ್ಯಾಕಿನಲ್ಲಿ (ಫಂಕ್ಷನ್ನುಗಳ ತಾತ್ಕಾಲಿಕ ಮಾಹಿತಿ ಇರುವ ಮೆಮೊರಿಯ ಭಾಗ) ಪಕ್ಕದಲ್ಲಿರುವ, ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಬರೆದಿಟ್ಟಿರುವ ವಿಳಾಸವನ್ನು ಅಳಿಸಿ, ತಮಗೆ ಬೇಕಾದ ವಿಳಾಸವನ್ನು ಅಲ್ಲಿ ಬರೆಯುತ್ತವೆ. ಪ್ರೊಸೆಸರ್ ಅದನ್ನು ನಂಬಿ ಅಲ್ಲಿಗೆ ಹೋಗುತ್ತದೆ. ಗೆಟ್ಸ್ ಫಂಕ್ಷನ್ನನ್ನು ಸಿ ಭಾಷೆಯ ಪ್ರಮಾಣಿತ ಗ್ರಂಥಾಲಯದಿಂದ ತೆಗೆದುಹಾಕಲು 2011ರ ಆವೃತ್ತಿಯವರೆಗೆ ಕಾಯಬೇಕಾಯಿತು, ಮತ್ತು ನಮ್ಮ ಕಾಲೇಜುಗಳ ಲ್ಯಾಬ್ ಪುಸ್ತಕಗಳಲ್ಲಿ ಅದು ಅದರ ನಂತರವೂ ಆರೋಗ್ಯವಾಗಿಯೇ ಇದೆ.

ಇದು ಹಳೆಯ ಕಥೆ ಎನ್ನುವವರಿಗೆ 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಇದೆ. ಜಾಲದ ಸಂಪರ್ಕಗಳನ್ನು ಗೂಢಲಿಪಿಯಲ್ಲಿಡುವ ಓಪನ್ಎಸ್ಎಸ್ಎಲ್ ಗ್ರಂಥಾಲಯದಲ್ಲಿ, ಸಂಪರ್ಕ ಇನ್ನೂ ಜೀವಂತವಿದೆಯೇ ಎಂದು ಕೇಳುವ ಸಂದೇಶಕ್ಕೆ ಸರ್ವರ್ ಅದೇ ಸಂದೇಶವನ್ನು ಹಿಂದಿರುಗಿಸುವ ಏರ್ಪಾಡಿತ್ತು. ಕಳುಹಿಸಿದ ಸಂದೇಶ ಕೆಲವೇ ಬೈಟ್‌ಗಳಷ್ಟಿದ್ದರೂ, ಅದರ ಉದ್ದ 64 ಕೆಬಿ ಎಂದು ಸುಳ್ಳು ಹೇಳಿದರೆ ಸರ್ವರ್ ಅದನ್ನು ಪರೀಕ್ಷಿಸದೆ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ಸೇರಿಸಿ ಅಷ್ಟು ಉದ್ದವನ್ನೂ ಕಳುಹಿಸಿಕೊಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ರಹಸ್ಯ ಕೀಲಿಗಳೂ ಇರುವ ಸಾಧ್ಯತೆಯಿತ್ತು. ಒಂದು ಹೋಲಿಕೆಯ ಸಾಲು ಇದ್ದಿದ್ದರೆ ಸಾಕಿತ್ತು. ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಪ್ರತಿಶತ ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು; ಕ್ರೋಮ್ ಬ್ರೌಸರಿನ ಗಂಭೀರ ದೋಷಗಳ ಬಗ್ಗೆ ಗೂಗಲ್ ಮರುವರ್ಷ ಹೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಮಾಣ.

ಆದ್ದರಿಂದ ಸಿ ಭಾಷೆಯನ್ನು ಕಲಿಯಿರಿ, ಆದರೆ ಟರ್ಬೊ ಸಿ ಬಿಟ್ಟು ಕಲಿಯಿರಿ. ಅದು ತಯಾರಿಸುವುದು 16 ಬಿಟ್ ಡಾಸ್ ಪ್ರೋಗ್ರಾಂ. ಅಲ್ಲಿ ಇಂಟ್ ಎಂದರೆ ಎರಡು ಬೈಟ್. ಇಂದಿನ 64 ಬಿಟ್ ಲಿನಕ್ಸಿನಲ್ಲಿ ಜಿಸಿಸಿ ಎಂಬ ಕಂಪೈಲರ್ ಕೊಡುವ ಇಂಟ್ ನಾಲ್ಕು ಬೈಟ್, ಪಾಯಿಂಟರ್ ಎಂಟು ಬೈಟ್. ಡಾಸ್ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಂ ಎಲ್ಲಿ ಬೇಕಾದರೂ ಬರೆಯಬಹುದು, ತಡೆಯುವ ಕಾವಲೇ ಇಲ್ಲ. ಹಾಗಾಗಿ ಇಂದಿನ ಯಂತ್ರಗಳಲ್ಲಿ ದಾಳಿಕೋರರು ಯಾವ ಯಾವ ಅಡ್ಡಗೋಡೆಗಳನ್ನು ದಾಟಬೇಕು ಎಂಬುದು ಅಲ್ಲಿ ಕಾಣುವುದೂ ಇಲ್ಲ. ನೀವು ಅಭ್ಯಾಸ ಮಾಡಿಕೊಂಡಿರುವ ಕ್ಲಿಯರ್ ಸ್ಕ್ರೀನ್, ಗೆಟ್ಚ್ ಮುಂತಾದವು ಪ್ರಮಾಣಿತ ಸಿ ಭಾಷೆಯ ಭಾಗಗಳೇ ಅಲ್ಲ.

ಉಬುಂಟುವಿನಲ್ಲಿ ಜಿಸಿಸಿ ಬಳಸಿ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ: 16 ಅಕ್ಷರಗಳ ಒಂದು ಅರೇ, ಅದಕ್ಕೆ ‘ಸ್ಟ್ರಿಂಗ್ ಕಾಪಿ’ ಫಂಕ್ಷನ್ನಿನ ಮೂಲಕ ಹೊರಗಿನಿಂದ ಬಂದ ಸಾಲು. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರವನ್ನು ಐವತ್ತು ಅರವತ್ತು ಬಾರಿ ಕೊಟ್ಟು ನೋಡಿ. ಸ್ಟ್ಯಾಕ್ ಸ್ಮ್ಯಾಶಿಂಗ್ ಪತ್ತೆಯಾಯಿತೆಂಬ ಸಂದೇಶದೊಂದಿಗೆ ಪ್ರೋಗ್ರಾಂ ನಿಂತುಹೋಗುತ್ತದೆ. ಅದು ಕಂಪೈಲರ್ ಇಟ್ಟ ಕಾವಲು. ಅನಂತರ ಆ ಕಾವಲನ್ನು ತೆಗೆದು ಕಂಪೈಲ್ ಮಾಡಿ, ಜಿಡಿಬಿ ಎಂಬ ಡೀಬಗ್ಗರಿನಲ್ಲಿ ಸ್ಟ್ಯಾಕನ್ನು ತೆರೆದು ನೋಡಿದರೆ, ಮರಳುವ ವಿಳಾಸ ಇರಬೇಕಾದ ಜಾಗದಲ್ಲಿ ಸಾಲಾಗಿ 41, 41, 41 ಎಂದು ಕಾಣುತ್ತದೆ. ಆ ಅಕ್ಷರದ ಹೆಕ್ಸಾಡೆಸಿಮಲ್ ಸಂಖ್ಯೆ ಅದು. ಪಾಯಿಂಟರ್ ಎಂದರೇನೆಂದು ಅರ್ಧಂಬರ್ಧ ತಿಳಿದವರಿಗೆ ಅಂದು ಪೂರ್ತಿ ತಿಳಿಯುತ್ತದೆ. ಮೆಮೊರಿಯ ಈ ಚಿತ್ರ ಕಣ್ಣಿಗೆ ಕಟ್ಟದೆ ಪೈಥಾನಿನಿಂದ ಆರಂಭಿಸಿದವರಲ್ಲಿ ಹೆಚ್ಚಿನವರು ಮತ್ತೆ ಕೆಳಗಿಳಿದು ನೋಡುವುದೇ ಇಲ್ಲ ಎಂಬುದು ನನ್ನ ಅನುಭವ.

ಮರುಮಾತು: ಹೇಮಾವತಿ ದಂಡೆ

ಇಬ್ಬರಿಗೂ ಧನ್ಯವಾದಗಳು. 41ರ ಪ್ರಯೋಗವನ್ನು ಖಂಡಿತ ಮಾಡುತ್ತೇನೆ. ಆದರೆ ನನಗಿರುವ ಸಮಯದಲ್ಲಿ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಒಂದನ್ನು ಮುಂದಿಡಬೇಕೆಂದರೆ ಯಾವುದು? ಕಾಲೇಜಿನ ಜಾಲತಾಣದ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಉತ್ತರ: ಸರ್ವರ್ ಕಾವಲು

ನಾನು ಹ್ಯಾಕಿಂಗ್ ಪರೀಕ್ಷಕನಲ್ಲ, ಪರೀಕ್ಷಕರು ಬಂದು ಹೋದ ಮೇಲೆ ಅವರ ವರದಿಯನ್ನು ಹಿಡಿದು ಸರ್ವರ್‌ಗಳನ್ನು ಸರಿಪಡಿಸುವವನು. ಆ ಕಡೆಯಿಂದ ಎರಡು ಮಾತು.

‘ಸ್ಟ್ಯಾಕಿನ ತಳ’ ಅವರು ಮಾರಿಸ್ ವರ್ಮ್ ಪ್ರವೇಶಿಸಿದ ಒಂದು ದಾರಿಯನ್ನು ಮಾತ್ರ ಹೇಳಿದರು. ಅದೇ ವರ್ಮ್ ಸೆಂಡ್‌ಮೇಲ್ ಪ್ರೋಗ್ರಾಮಿನಲ್ಲಿ ಪರೀಕ್ಷೆಗೆಂದು ಇಟ್ಟು ಮುಚ್ಚದೆ ಬಿಟ್ಟಿದ್ದ ಡೀಬಗ್ ಸೌಲಭ್ಯವನ್ನೂ ಬಳಸಿತು. ಬಳಕೆದಾರರ ಹೆಸರನ್ನೇ ತಿರುಗಿಸಿ ಮುರುಗಿಸಿ, ಪದಪಟ್ಟಿಯೊಂದನ್ನು ಇಟ್ಟುಕೊಂಡು ಪಾಸ್‌ವರ್ಡ್‌ಗಳನ್ನು ಊಹಿಸಿತು. ಒಂದು ಯಂತ್ರ ಇನ್ನೊಂದನ್ನು ಪಾಸ್‌ವರ್ಡ್ ಇಲ್ಲದೆ ನಂಬುವ ಏರ್ಪಾಡನ್ನೂ ದುರುಪಯೋಗ ಮಾಡಿತು. ಇವುಗಳಲ್ಲಿ ಬಫರಿನ ಲೆಕ್ಕ ಬೇಕಾದದ್ದು ಒಂದಕ್ಕೆ ಮಾತ್ರ, ಉಳಿದವಕ್ಕೆ ಬೇಕಾದದ್ದು ಯುನಿಕ್ಸ್ ವ್ಯವಸ್ಥೆ ದಿನನಿತ್ಯ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ. ಇಂದಿಗೂ ನನ್ನ ಕೈಗೆ ಬರುವ ವರದಿಗಳ ಸ್ವರೂಪ ಬೇರೆಯಲ್ಲ. ವೆಬ್ ಭದ್ರತೆಗಾಗಿ ದುಡಿಯುವ ಒವಾಸ್ಪ್ ಸಂಸ್ಥೆಯ 2021ರ ಪಟ್ಟಿಯಲ್ಲಿ ವೆಬ್ ದೋಷಗಳ ಪೈಕಿ ಮೊದಲ ಸ್ಥಾನದಲ್ಲಿರುವುದು ಪ್ರವೇಶ ನಿಯಂತ್ರಣದ ವೈಫಲ್ಯ. ಅಂದರೆ ಬ್ರೌಸರಿನ ಮೇಲ್ಭಾಗದ ವಿಳಾಸದ ಸಾಲಿನಲ್ಲಿ ರಸೀದಿ ಸಂಖ್ಯೆ 1045 ಇದ್ದಲ್ಲಿ 1046 ಎಂದು ಬದಲಿಸಿದರೆ ಇನ್ನೊಬ್ಬರ ರಸೀದಿ ತೆರೆದುಕೊಳ್ಳುವಂತಹದು. ಅದನ್ನು ಕಂಡುಹಿಡಿಯಲು ಭಾಷೆಯೇ ಬೇಡ, ಗಮನ ಬೇಕು.

ಇಲ್ಲಿ ಯಾರೂ ಹೆಸರೆತ್ತದ ಭಾಷೆಗಳೆಂದರೆ ಯಂತ್ರಕ್ಕೆ ನೇರವಾಗಿ ಆಜ್ಞೆ ಟೈಪ್ ಮಾಡಿ ಕೊಡುವ ಬ್ಯಾಶ್ ಮತ್ತು ಪವರ್‌ಶೆಲ್. ಒಂದು ಯಂತ್ರದೊಳಗೆ ಪ್ರವೇಶ ಸಿಕ್ಕಿದ ಮೇಲೆ ಪರೀಕ್ಷಕರ ಮುಂದಿರುವುದು ಲಿನಕ್ಸ್ ಆದರೆ ಬ್ಯಾಶ್, ವಿಂಡೋಸ್ ಆದರೆ ಪವರ್‌ಶೆಲ್. ಅಲ್ಲಿ ಪೈಥಾನ್ ಇರುತ್ತದೆಂಬ ಭರವಸೆಯಿಲ್ಲ. ಕಂಪನಿಗಳ ಒಳಜಾಲಗಳಲ್ಲಿ ಬಹುಪಾಲು ವಿಂಡೋಸ್ ಮತ್ತು ಅದರಲ್ಲಿ ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುವ ಆ್ಯಕ್ಟಿವ್ ಡೈರೆಕ್ಟರಿ ಇರುವುದರಿಂದ ಪವರ್‌ಶೆಲ್ ಓದಲು ಬಂದವರಿಗೆ ಬೆಲೆ ಹೆಚ್ಚು. ಬ್ಯಾಶ್ ತಾನೇ ದಾಳಿಗೆ ಗುರಿಯಾದದ್ದೂ ಉಂಟು: 2014ರ ಸೆಪ್ಟೆಂಬರಿನಲ್ಲಿ ಬಯಲಾದ ಶೆಲ್‌ಶಾಕ್ ದೋಷದಲ್ಲಿ, ಪ್ರೋಗ್ರಾಂಗಳಿಗೆ ವ್ಯವಸ್ಥೆ ಒದಗಿಸುವ ಎನ್ವಿರಾನ್ಮೆಂಟ್ ವೇರಿಯಬಲ್ ಒಂದರಲ್ಲಿ ಫಂಕ್ಷನ್ನಿನ ವ್ಯಾಖ್ಯೆಯನ್ನು ಬರೆದು ಅದರ ಬಾಲಕ್ಕೆ ಬೇರೊಂದು ಆಜ್ಞೆಯನ್ನು ಅಂಟಿಸಿದರೆ, ಬ್ಯಾಶ್ ಆರಂಭವಾಗುವಾಗಲೇ ಆ ಬಾಲವನ್ನೂ ಓಡಿಸಿಬಿಡುತ್ತಿತ್ತು. ಸಿಜಿಐ ಎಂಬ ಕ್ರಮದಲ್ಲಿ ಬೇರೆ ಪ್ರೋಗ್ರಾಂಗಳನ್ನು ಓಡಿಸುವ ವೆಬ್ ಸರ್ವರ್‌ಗಳು ಬ್ರೌಸರಿನಿಂದ ಬಂದ ಹೆಡರ್‌ಗಳನ್ನು ಇಂತಹ ವೇರಿಯಬಲ್‌ಗಳಲ್ಲಿಯೇ ಇಡುವುದರಿಂದ ಹೊರಗಿನವರಿಗೆ ನೇರ ದಾರಿಯಾಯಿತು.

ಇನ್ನು 2021ರ ಡಿಸೆಂಬರಿನ ಲಾಗ್4ಶೆಲ್ ದೋಷ. ಅದರಿಂದ ನನ್ನಂತಹವರ ವರ್ಷಾಂತ್ಯದ ರಜೆಯೆಲ್ಲ ಸರ್ವರ್‌ಗಳ ಮುಂದೆ ಕಳೆಯಿತು. ಜಾವಾ ಭಾಷೆಯ ಲಾಗ್4ಜೆ ಗ್ರಂಥಾಲಯ, ದಾಖಲೆ ಬರೆಯುವ ಸಾಲಿನೊಳಗೆ ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದ ನಡುವೆ ಬರೆದದ್ದನ್ನು ಬಿಡಿಸಿ ನೋಡುತ್ತಿತ್ತು. ಅಲ್ಲಿ ಹೊರಗಿನ ಸರ್ವರೊಂದರ ವಿಳಾಸವಿದ್ದರೆ ಅಲ್ಲಿಗೆ ಹೋಗಿ, ಅದು ಕೊಟ್ಟ ಜಾವಾ ಕ್ಲಾಸನ್ನು ತಂದು ಓಡಿಸುವ ಸಾಧ್ಯತೆಯಿತ್ತು. ಮೈನ್‌ಕ್ರಾಫ್ಟ್ ಆಟದ ಚಾಟ್ ಪೆಟ್ಟಿಗೆಯಲ್ಲಿ ಒಂದು ಸಾಲು ಟೈಪ್ ಮಾಡಿದರೂ ಸಾಕಾಗಿತ್ತು. ಬಫರ್ ಮೀರಿದ್ದಿಲ್ಲ, ಪಾಯಿಂಟರ್ ತಪ್ಪಿದ್ದಿಲ್ಲ. ಮೆಮೊರಿಯನ್ನು ಸುರಕ್ಷಿತವಾಗಿ ನೋಡಿಕೊಳ್ಳುವ ಭಾಷೆಯಲ್ಲಿಯೇ ಇಷ್ಟು ದೊಡ್ಡ ಅನಾಹುತ ಆಯಿತು. ಸಿ ಭಾಷೆಯನ್ನೇ ಎಲ್ಲಕ್ಕೂ ಮೂಲವೆಂದು ಹಿಡಿಯುವವರಿಗೆ ನನ್ನ ತಕರಾರು ಇಷ್ಟೇ.

ಉತ್ತರ: ಸ್ಟ್ಯಾಕಿನ ತಳ

ಲಾಗ್4ಶೆಲ್ ಉದಾಹರಣೆಯನ್ನು ಒಪ್ಪುತ್ತೇನೆ. ಆದರೆ ರಸೀದಿ ಸಂಖ್ಯೆ ಬದಲಿಸಿ ನೋಡುವ ದೋಷಗಳನ್ನು ಎಲ್ಲರೂ ಹುಡುಕುತ್ತಿರುತ್ತಾರೆ. ಬ್ರೌಸರ್ ಅಥವಾ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮಟ್ಟದ ದೋಷಗಳನ್ನು ಹುಡುಕಬಲ್ಲವರು ಕಡಿಮೆ, ಮತ್ತು ಆ ದಾರಿಗೆ ಸಿ ಹಾಗೂ ಅಸೆಂಬ್ಲಿ ಇಲ್ಲದೆ ಪ್ರವೇಶವಿಲ್ಲ. ಕೇಳಿದವರು ಪದವಿಯ ನಂತರದ ಮೊದಲ ಕೆಲಸವನ್ನು ಮಾತ್ರ ನೋಡುತ್ತಿದ್ದರೆ ನಿಮ್ಮ ಮಾತು ಸರಿ. ಅದಕ್ಕಿಂತ ದೂರ ನೋಡುತ್ತಿದ್ದರೆ ನನ್ನ ಮಾತನ್ನು ಒಂದು ಮೂಲೆಯಲ್ಲಿ ಇಟ್ಟುಕೊಂಡಿರಲಿ.

ಉತ್ತರ: ಕಲಂ ನೋಡಿ

ಕಾಲೇಜಿನ ಜಾಲತಾಣದ ಪ್ರಶ್ನೆಗೆ ಉತ್ತರ: ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43ರ ಪ್ರಕಾರ, ಮಾಲೀಕರ ಅಥವಾ ಅದರ ಹೊಣೆ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಪ್ರವೇಶಿಸುವುದೇ ಪರಿಹಾರಕ್ಕೆ ಗುರಿಪಡಿಸುವ ಕೃತ್ಯ. ‘ಏನೂ ಹಾಳು ಮಾಡಲಿಲ್ಲ’ ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಕಲಂ 66ರ ಅಡಿಯಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನು ಹಾಗೆ ಬಳಸಿದರೆ ಕಲಂ 66ಸಿ. ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ವ್ಯವಸ್ಥೆಗಳ ವಿಷಯದಲ್ಲಿ ಕಲಂ 70 ಪ್ರವೇಶಿಸುವ ಪ್ರಯತ್ನವನ್ನೂ ಸೇರಿಸಿಕೊಂಡು ಹತ್ತು ವರ್ಷದವರೆಗಿನ ಸೆರೆವಾಸವನ್ನು ಹೇಳುತ್ತದೆ.

ಮೇಲೆ ಉದಾಹರಣೆಯಾಗಿ ಬಂದ ಇಬ್ಬರೂ ನ್ಯಾಯಾಲಯದ ಮುಂದೆ ನಿಂತವರೇ. ಅಮೆರಿಕದ ಕಂಪ್ಯೂಟರ್ ದುರುಪಯೋಗ ಕಾಯ್ದೆಯಡಿ ಮಾರಿಸ್‌ಗೆ 1990ರಲ್ಲಿ ಮೂರು ವರ್ಷಗಳ ಪ್ರೊಬೇಶನ್ (ಸೆರೆವಾಸದ ಬದಲು ಮೇಲ್ವಿಚಾರಣೆ), 400 ಗಂಟೆಗಳ ಸಮುದಾಯ ಸೇವೆ ಮತ್ತು ದಂಡ ವಿಧಿಸಲಾಯಿತು. ಕಮ್ಕಾರ್ 2007ರಲ್ಲಿ ತಪ್ಪೊಪ್ಪಿಕೊಂಡು ಪ್ರೊಬೇಶನ್ ಅನುಭವಿಸಿದರು. ಕಾಲೇಜಿನ ಜಾಲತಾಣವನ್ನು ಪರೀಕ್ಷಿಸಲೇಬೇಕೆಂದಿದ್ದರೆ ಪ್ರಾಂಶುಪಾಲರಿಂದ ಲಿಖಿತ ಅನುಮತಿ ಪಡೆಯಿರಿ; ಯಾವ ವಿಳಾಸ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಬಗೆಯ ಪರೀಕ್ಷೆ ಎಂಬುದೆಲ್ಲ ಅದರಲ್ಲಿ ಇರಲಿ. ಜಾಲತಾಣವನ್ನು ಬೇರೊಂದು ಹೋಸ್ಟಿಂಗ್ ಕಂಪನಿ ನಡೆಸುತ್ತಿದ್ದರೆ ಅವರ ಒಪ್ಪಿಗೆಯೂ ಬೇಕಾಗುತ್ತದೆ. ಬಳಸುತ್ತಿರುವಾಗ ಅಕಸ್ಮಾತ್ ದೋಷ ಕಣ್ಣಿಗೆ ಬಿದ್ದರೆ ಮುಂದೆ ಕೆದಕದೆ ಸಂಬಂಧಪಟ್ಟವರಿಗೆ ಬರೆದು ತಿಳಿಸಿ. ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯೂ ಇಂತಹ ವರದಿಗಳನ್ನು ಸ್ವೀಕರಿಸುತ್ತದೆ.

ಉತ್ತರ: ಜಾಲಪರೀಕ್ಷಕಿ

ಒಂದನ್ನು ಮುಂದಿಡಬೇಕೆಂದರೆ ಎಂದು ನೀವು ಕೇಳಿದ್ದೀರಿ. ಪೈಥಾನನ್ನು ಮುಂದಿಡಿ, ಅದರ ಜೊತೆಯಲ್ಲಿ ಎಸ್‌ಕ್ಯೂಎಲ್ ತಾನಾಗಿಯೇ ಬರಲಿ. ಬಿಸಿಎ ಪಠ್ಯದಲ್ಲಿ ಡೇಟಾಬೇಸ್ ಹೇಗಿದ್ದರೂ ಇರುತ್ತದೆ, ಅದನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಬಿಡದೆ ಓದಿದರೆ ಸಾಕು. ಸಿ ಭಾಷೆಯಲ್ಲಿ ಈಗಲೇ ಬರೆಯಬೇಕಾಗಿಲ್ಲ, ಆದರೆ ‘ಸ್ಟ್ಯಾಕಿನ ತಳ’ ಅವರು ಹೇಳಿದ ಪ್ರಯೋಗವನ್ನು ಮಾಡುವಷ್ಟು, ಒಂದು ಫಂಕ್ಷನ್ ಕೊಟ್ಟರೆ ಅದರಲ್ಲಿ ಉದ್ದದ ಪರೀಕ್ಷೆ ಇದೆಯೇ ಇಲ್ಲವೇ ಎಂದು ಓದಿ ಹೇಳುವಷ್ಟು ಉಳಿಸಿಕೊಳ್ಳಿ.

ಕಾಲಿ ಲಿನಕ್ಸ್ ಎಂಬುದು ನೂರಾರು ಉಪಕರಣಗಳನ್ನು ಮೊದಲೇ ತುಂಬಿಟ್ಟ ಲಿನಕ್ಸ್, ಅಷ್ಟೇ. 4 ಜಿಬಿ ರ್‍ಯಾಮಿನಲ್ಲಿ ಅದನ್ನು ವರ್ಚುವಲ್ ಯಂತ್ರವಾಗಿ ಓಡಿಸುತ್ತ, ಪಕ್ಕದಲ್ಲಿ ದಾಳಿಗೆ ಗುರಿಯಾದ ಇನ್ನೊಂದು ಯಂತ್ರವನ್ನೂ ಓಡಿಸಲು ಹೋದರೆ ಲ್ಯಾಪ್‌ಟಾಪ್ ಉಸಿರು ಹಿಡಿಯುತ್ತದೆ. ನೀವು ಓವರ್ ದಿ ವೈರ್ ತಾಣದ ಬ್ಯಾಂಡಿಟ್ ಎಂಬ ಒಗಟುಗಳ ಸರಣಿಯಿಂದ ಆರಂಭಿಸಿ. ಅದಕ್ಕೆ ದೂರದ ಯಂತ್ರವನ್ನು ಸುರಕ್ಷಿತವಾಗಿ ಪ್ರವೇಶಿಸುವ ಎಸ್ಎಸ್ಎಚ್ ಮಾತ್ರ ಸಾಕು, ಈಗಿನ ವಿಂಡೋಸಿನಲ್ಲಿ ಅದು ಕಮಾಂಡ್ ಪ್ರಾಂಪ್ಟಿನಲ್ಲಿಯೇ ಸಿಗುತ್ತದೆ. ‘ಸರ್ವರ್ ಕಾವಲು’ ಅವರು ಹೇಳಿದ ಬ್ಯಾಶ್ ಅಲ್ಲಿಯೇ ಅಭ್ಯಾಸವಾಗುತ್ತದೆ. ವೆಬ್ ಭಾಗಕ್ಕೆ ಪೋರ್ಟ್‌ಸ್ವಿಗ್ಗರ್ ಸಂಸ್ಥೆಯ ವೆಬ್ ಸೆಕ್ಯುರಿಟಿ ಅಕಾಡೆಮಿ ಇದೆ, ಉಚಿತವಾಗಿದೆ, ಅದರ ಲ್ಯಾಬ್‌ಗಳು ಅವರ ಸರ್ವರಿನಲ್ಲಿ ಓಡುವುದರಿಂದ ನಿಮಗೆ ಬ್ರೌಸರ್ ಮತ್ತು ಅದರ ಕೋರಿಕೆಗಳನ್ನು ನಡುವೆ ಹಿಡಿದು ತೋರಿಸುವ ಬರ್ಪ್ ಸೂಟಿನ ಉಚಿತ ಆವೃತ್ತಿ ಸಾಕಾಗುತ್ತದೆ. ಸ್ವಂತ ಯಂತ್ರದಲ್ಲಿಯೇ ಬೇಕೆಂದರೆ, ಅಭ್ಯಾಸಕ್ಕೆಂದೇ ದೋಷಗಳನ್ನಿಟ್ಟು ಪಿಎಚ್‌ಪಿಯಲ್ಲಿ ಬರೆದ ಡಿವಿಡಬ್ಲ್ಯೂಎ ಹಾಕಿಕೊಳ್ಳಿ. ಒಂದೇ ದೋಷವನ್ನು ಸುಲಭ, ಮಧ್ಯಮ, ಕಠಿಣ ಹಂತಗಳಲ್ಲಿ ಇಟ್ಟು, ಪ್ರತಿ ಹಂತದ ಮೂಲ ಪ್ರೋಗ್ರಾಮನ್ನೂ ಅಲ್ಲಿಯೇ ತೋರಿಸುತ್ತದೆ. ದಾಳಿ ಫಲಿಸಿದ ಕೂಡಲೇ ಮುಂದಿನದಕ್ಕೆ ಹೋಗದೆ ಆ ಮೂಲವನ್ನು ತೆರೆದು ಓದಿ. ಇವೆಲ್ಲ ಇಂಗ್ಲಿಷಿನಲ್ಲಿಯೇ ಇವೆ, ಅದಕ್ಕೆ ಬೇರೆ ದಾರಿ ಸದ್ಯಕ್ಕೆ ಕಾಣದು. ಅರ್ಥವಾಗದ ಕಡೆ ಇಲ್ಲಿ ಕನ್ನಡದಲ್ಲಿ ಕೇಳಿ.

ಪೈಥಾನಿನಲ್ಲಿ ಮೊದಲು ಏನು ಬರೆಯಬೇಕೆಂದರೆ, ನಿಮ್ಮದೇ ಲ್ಯಾಪ್‌ಟಾಪಿನ ಪೋರ್ಟ್‌ಗಳನ್ನು, ಅಂದರೆ ಜಾಲದ ಸೇವೆಗಳ ಸಂಖ್ಯೆಯಿರುವ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ನೋಡುವ ಪೋರ್ಟ್ ಸ್ಕ್ಯಾನರ್. ಸಾಕೆಟ್ ಮಾಡ್ಯೂಲ್ ಬಳಸಿದರೆ ಇಪ್ಪತ್ತು ಇಪ್ಪತ್ತೈದು ಸಾಲಿನೊಳಗೆ ಮುಗಿಯುತ್ತದೆ. ಎನ್‌ಮ್ಯಾಪ್ ಎಂಬ ಉಪಕರಣ 1997ರಿಂದಲೂ ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಿದೆ, ಆದರೂ ಬರೆಯಿರಿ. ಒಂದು ಪೋರ್ಟಿಗೆ ಟಿಸಿಪಿ ಸಂಪರ್ಕ ಕೋರಿದಾಗ ಮೂರು ಬಗೆಯ ಫಲಿತಾಂಶ ಬರಬಹುದು: ಸಂಪರ್ಕ ಸಿಗಬಹುದು, ನಿರಾಕರಣೆಯ ಉತ್ತರ ಬರಬಹುದು, ಅಥವಾ ಏನೂ ಉತ್ತರ ಬಾರದೆ ಕಾಲಮಿತಿ ಮೀರಬಹುದು. ಹೊಸಬರು ಬರೆಯುವ ಸ್ಕ್ಯಾನರ್‌ಗಳು ಕೊನೆಯ ಎರಡನ್ನೂ ಒಂದೇ ಎಕ್ಸೆಪ್ಟ್ ಸಾಲಿನಲ್ಲಿ ಹಿಡಿದು ‘ಮುಚ್ಚಿದೆ’ ಎಂದು ಮುದ್ರಿಸಿಬಿಡುತ್ತವೆ. ನಿರಾಕರಣೆ ಬಂದರೆ ಅಲ್ಲಿ ಯಂತ್ರವಿದೆ, ಆ ಪೋರ್ಟಿನಲ್ಲಿ ಯಾವ ಸೇವೆಯೂ ಇಲ್ಲ ಎಂದರ್ಥ. ಮೌನವಿದ್ದರೆ ನಡುವೆ ಫೈರ್‌ವಾಲ್ ಇದ್ದು ಕೋರಿಕೆಯನ್ನು ನುಂಗಿರುವ ಸಾಧ್ಯತೆ ಹೆಚ್ಚು, ಎನ್‌ಮ್ಯಾಪ್ ಅದನ್ನು ಫಿಲ್ಟರ್ಡ್ ಎಂದು ಬೇರೆಯಾಗಿಯೇ ತೋರಿಸುತ್ತದೆ. ನಿಮ್ಮ ಪ್ರೋಗ್ರಾಂ ಈ ಮೂರನ್ನೂ ಬೇರೆ ಬೇರೆಯಾಗಿ ಹೇಳುವಂತೆ ಬರೆದು ಇಲ್ಲಿ ಹಾಕಿ, ಓದಿ ನೋಡೋಣ.